ಚಾಕುವಿನ ಪಾಲು

ಗಾಬ್ರೊವೊ ಪಟ್ಟಣದಲ್ಲಿ, ಯಾಂತ್ರಾ ಹೊಳೆಯ ದಂಡೆಗಿದ್ದ ಆ ಐದು ಮಹಡಿಯ ಕಟ್ಟಡದಲ್ಲಿ, ಯಾರ ಮನೆಯ ಗಿಡದ ಎಲೆ ಹಳದಿಗೆ ತಿರುಗಿದರೂ ಅದು ಮೊದಲು ಬಂದು ಬೀಳುತ್ತಿದ್ದುದು ವೆಲಿಕಾಳ ಅಡುಗೆಮನೆಯ ಮೇಜಿನ ಮೇಲೆ. ಕೆಲವರು ಹಳೆಯ ಪತ್ರಿಕೆಯಲ್ಲಿ ಸುತ್ತಿ ತರುತ್ತಿದ್ದರು, ಕೆಲವರು ಅಂಗೈಯಲ್ಲಿ ಮುಚ್ಚಿ ತರುತ್ತಿದ್ದರು. ಎರಡನೇ ಮಹಡಿಯ ತೊತ್ಕಾ ಮಾತ್ರ ಕುಂಡವನ್ನೇ ಸೊಂಟದ ಮೇಲೆ ಕೂರಿಸಿಕೊಂಡು, ಜ್ವರದ ಮಗುವನ್ನು ಎತ್ತಿ ತಂದ ಹಾಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಮೂರು ದಿನದಿಂದ ತಲೆ ಎತ್ತಿಲ್ಲ ಅಕ್ಕ. ಏನಾಗಿದೆ ನೋಡು."

"ಎಷ್ಟು ನೀರು ಹಾಕ್ದೆ?"

"ಸ್ವಲ್ಪ."

"ನಿನ್ನ ಸ್ವಲ್ಪ ನಂಗೊತ್ತು ತೊತ್ಕಾ. ಸಾರಿಗೆ ಉಪ್ಪು ಹಾಕುವಾಗಲೂ ನೀನು ಸ್ವಲ್ಪಾನೇ ಹಾಕೋದು."

ವೆಲಿಕಾ ಮಣ್ಣಿಗೆ ಬೆರಳಿಳಿಸಿ, ಆ ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದಳು. ಹುಳಿವಾಸನೆ ಬಂದರೆ ಬೇರು ಕೊಳೆತಿದೆ. ಎಲೆಯ ಮೇಲೆ ಅಂಟು ಇದ್ದರೆ ಟೊಂಗೆಯ ಸಂದಿಯಲ್ಲಿ ಹಿಟ್ಟು ತಿಗಣೆ ಕೂತಿದೆ. ಎಲೆ ಮಂಕಾಗಿ, ಧೂಳು ಹಿಡಿದಂತೆ ಕಂಡರೆ ಅದನ್ನು ಬಿಳಿ ಕಾಗದದ ಮೇಲೆ ಕೊಡವುತ್ತಿದ್ದಳು. ಉದುರಿದ ಚುಕ್ಕಿಗಳು ನಡೆಯತೊಡಗಿದರೆ ನುಸಿ. ಎಲೆಯ ಮೇಲ್ಮೈಯನ್ನು ಅವಳು ಕೊನೆಗೆ ನೋಡುತ್ತಿದ್ದಳು. "ಮುಖ ಯಾಕೆ ತೋರಿಸ್ತೀಯಾ, ಬೆನ್ನು ತಿರುಗಿಸು" ಎಂದು ಎಲೆಯನ್ನೇ ಗದರುತ್ತಿದ್ದಳು.

ಈ ಕಣ್ಣು ಅವಳಿಗೆ ಬಂದದ್ದು ಗಿಡದಿಂದಲ್ಲ, ಬಟ್ಟೆಯಿಂದ. ಇಪ್ಪತ್ತಾರು ವರ್ಷ ಅವಳು ಉಣ್ಣೆಯ ಗಿರಣಿಯಲ್ಲಿ ಬಟ್ಟೆ ತಪಾಸಣೆ ಮಾಡಿದವಳು. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಥಾನುಗಟ್ಟಲೆ ಬಟ್ಟೆ ನಿಧಾನವಾಗಿ ಸರಿದು ಹೋಗುತ್ತಿತ್ತು. ಅವಳು ತಪ್ಪಿಹೋದ ಎಳೆ, ಗಂಟು, ಎಣ್ಣೆಯ ಕಲೆ ಹುಡುಕಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದಳು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಗಿರಣಿ ಮುಚ್ಚಿ ಏಳು. ಆಮೇಲೆ ಅವಳ ಬಾಗಿಲ ಗಂಟೆ ಬಾರಿಸಿದ್ದು ಗಿಡಗಳೇ. ಗಂಟೆ ಬಾರಿಸಿದ ಸದ್ದಿಗೆ ಏಪ್ರನ್ ಸರಿಮಾಡಿಕೊಂಡು ಏಳುವಾಗ ಮಂಡಿಯ ನೋವು ಅವಳಿಗೆ ಮರೆತುಹೋಗುತ್ತಿತ್ತು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ. ಕಟ್ಟಡದವರು ಅವಳನ್ನು ಕರೆಯುತ್ತಿದ್ದುದೂ ಡಾಕ್ಟ್ರಮ್ಮ ಎಂದೇ.

ಅವಳ ವರ್ಷದ ದೊಡ್ಡ ದಿನ ಅಕ್ಟೋಬರಿನಲ್ಲಿ ಬರುತ್ತಿತ್ತು. ಬೇಸಿಗೆಯಿಡೀ ಬಾಲ್ಕನಿಗಳಲ್ಲಿ ಉರಿಯುವಂತೆ ಹೂ ಬಿಡುವ ಜೆರೇನಿಯಂ ಗಿಡಗಳು ಹಿಮ ಬೀಳುವ ಮುಂಚೆ ಮೆಟ್ಟಿಲಿಗೆ ಬರಬೇಕು. ಪ್ರತಿ ಮಹಡಿಯ ತಿರುವಿನಲ್ಲೂ ಅಗಲವಾದ ಕಿಟಕಿ, ಅದರಡಿಯಲ್ಲಿ ಹಲಗೆ. ಅಲ್ಲಿ ಬೆಳಕೂ ಇರುತ್ತದೆ, ತಣ್ಣಗೂ ಇರುತ್ತದೆ, ಆದರೆ ನೀರು ಹೆಪ್ಪುಗಟ್ಟುವುದಿಲ್ಲ. ಹತ್ತು ಮನೆಗಳ ಕುಂಡಗಳೆಲ್ಲ ಸಾಲಾಗಿ ಕೂತ ಮೇಲೆ ವೆಲಿಕಾ ತನ್ನ ಚಾಕು ಹಿಡಿದು ಐದನೇ ಮಹಡಿಯಿಂದ ಕೆಳಕ್ಕೆ ಇಳಿಯುತ್ತ ಒಂದೊಂದನ್ನೂ ಗೇಣುದ್ದಕ್ಕೆ ಸವರುತ್ತಿದ್ದಳು. ಅವಳ ಜೊತೆ ಕಟ್ಟಡದ ಉಸ್ತುವಾರಿ ನೋಡುವ ಗೆಂಚೊ ಒಂದು ಲೋಟದಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಹಿಡಿದು ಬರುತ್ತಿದ್ದ. ಒಂದು ಗಿಡ ಸವರಿದ ಚಾಕುವನ್ನು ಆ ಲೋಟದಲ್ಲಿ ಅದ್ದಿಯೇ ಮುಂದಿನದಕ್ಕೆ ಮುಟ್ಟಿಸಬೇಕು. ಒಂದರ ಕಾಯಿಲೆ ಇನ್ನೊಂದಕ್ಕೆ ಹೋಗಬಾರದಲ್ಲ. ಆ ಲೋಟದ ಸಾರಾಯಿಗೆ ಎಲ್ಲರೂ ಚಾಕುವಿನ ಪಾಲು ಎನ್ನುತ್ತಿದ್ದರು. ಕೆಳಗೆ ತಲುಪಿದ ಮೇಲೆ ಬಾಟಲಿಯಲ್ಲಿ ಉಳಿದದ್ದು ಮನುಷ್ಯರ ಪಾಲು.

ಆ ವರ್ಷ ವಸಂತದಲ್ಲಿ ಮಂಜು ಬಿದ್ದು ಪ್ಲಮ್ ಹೂವೆಲ್ಲ ಸುಟ್ಟುಹೋಗಿತ್ತು. ಗೆಂಚೊನ ಮನೆಯಲ್ಲಿ ಸಾರಾಯಿ ಒಂದೇ ಬಾಟಲಿ. ಐದನೇ ಮಹಡಿಯಲ್ಲಿ ವೆಲಿಕಾ ತನ್ನ ಮೊದಲ ಗಿಡ ಸವರಿ ಚಾಕು ಅದ್ದಲು ಕೈ ಚಾಚಿದರೆ ಗೆಂಚೊ ಲೋಟವನ್ನು ಎದೆಗೆ ಒತ್ತಿಕೊಂಡ.

"ಏನ್ ಡಾಕ್ಟ್ರಮ್ಮ, ಈ ವರ್ಷಾನೂ ಕಬ್ಬಿಣಕ್ಕೆ ಕುಡಿಸ್ತೀಯಾ? ಕಬ್ಬಿಣಕ್ಕೆ ಗಂಟಲೆಲ್ಲಿದೆ?"

"ಕೊಡೋ, ತಮಾಷೆ ಸಾಕು."

"ನಿನ್ನ ಗಿಡಕ್ಕೆ ಯಾವ ಕಾಯಿಲೆ ಬರುತ್ತೆ ಹೇಳು? ಡಾಕ್ಟರ ಮನೆ ಗಿಡ ಅದು!"

ಜೊತೆಗೆ ಬಂದಿದ್ದ ತೊತ್ಕಾ ನಕ್ಕಳು. ವೆಲಿಕಾಳಿಗೂ ನಗು ಬಂತು. ಲೋಟ ಗೆಂಚೊ, ವೆಲಿಕಾ ಇಬ್ಬರ ಕೈಯಲ್ಲಿ ಎರಡು ಸುತ್ತು ತಿರುಗಿ ಬರಿದಾಯಿತು. ವೆಲಿಕಾ ಚಾಕುವನ್ನು ಏಪ್ರನ್ನಿಗೆ ಒರೆಸಿಕೊಂಡು ಮುಂದಿನ ಕುಂಡಕ್ಕೆ ಬಾಗಿದಳು. ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು, ಕೆಲಸ ಹಗುರಾಗಿ ಸಾಗಿತು, ಕತ್ತಲಾಗುವ ಮುಂಚೆ ಕೆಳಮಹಡಿಯೂ ಮುಗಿಯಿತು.

ಒಂದೇ ಒಂದು ಗಿಡ ಅವಳ ಚಾಕುವಿಗೆ ಸಿಕ್ಕಿರಲಿಲ್ಲ. ಐದನೇ ಮಹಡಿಯಲ್ಲಿ ಅವಳ ಎದುರು ಮನೆಗೆ ಆಗಸ್ಟಿನಲ್ಲಿ ಬಾಡಿಗೆಗೆ ಬಂದಿದ್ದ ನೆರ್ಮಿನಳದು. ನೆರ್ಮಿನ್ ದಕ್ಷಿಣದ ಕರ್ಜಾಲಿ ಕಡೆಯ ತುರ್ಕರ ಹೆಂಗಸು. ನಲವತ್ತೈದರ ಆಸುಪಾಸು, ಒಂಟಿ. ಹೊಳೆಯಾಚೆಯ ಒಂದು ಹೊಲಿಗೆ ಶೆಡ್ಡಿನಲ್ಲಿ ಕೆಲಸ. ಹಿಂದೊಮ್ಮೆ ಸರ್ಕಾರದವರು ತುರ್ಕರ ಹೆಸರನ್ನೆಲ್ಲ ಬಲವಂತದಿಂದ ಬದಲಾಯಿಸಿದಾಗ ಅವಳಿಗೂ ನೆವೆನಾ ಎಂದು ಹೆಸರಿಟ್ಟಿದ್ದರು. ಅದು ಗೊತ್ತಾದಾಗಿನಿಂದ ಗೆಂಚೊ, ನಾಲಿಗೆಗೆ ಸುಲಭ ಎಂಬ ನೆಪದಲ್ಲಿ, ಅವಳನ್ನು ಹಾಗೆಯೇ ಕರೆಯುತ್ತಿದ್ದ. ಅವಳು ಓಗೊಡುತ್ತಿರಲಿಲ್ಲ. ಅವಳು ಸಾಮಾನಿನ ಜೊತೆ ತಂದದ್ದು ಒಂದೇ ಕುಂಡ, ಪರಿಮಳದ ಜೆರೇನಿಯಂ. ಹಣ್ಣಿನ ಮುರಬ್ಬ ಮಾಡುವಾಗ ಅದರ ಒಂದೆಲೆ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಅವಳ ತಾಯಿ ಬೆಳೆಸಿದ್ದು, ತಾಯಿ ಈಗಿಲ್ಲ. ಅದೂ ಆ ಮಹಡಿಯ ಹಲಗೆಯ ಮೇಲೆ, ವೆಲಿಕಾಳ ಗಿಡಗಳ ಪಕ್ಕದ ಮೂಲೆಯಲ್ಲಿ ಕೂತಿತ್ತು.

"ಇದನ್ನೂ ಸವರಿಬಿಡ್ಲಾ?" ಎಂದು ಅವತ್ತು ವೆಲಿಕಾ ಕೇಳಿದ್ದಳು.

"ಬೇಡಿ ಅಕ್ಕ. ನಮ್ಮಮ್ಮ ಯಾವತ್ತೂ ಉಗುರಿನಿಂದ ಚಿವುಟ್ತಿದ್ರು. ನಾನೂ ಹಾಗೇ ಮಾಡ್ತೀನಿ."

ಜನವರಿಯ ಎರಡನೇ ವಾರ ವೆಲಿಕಾಳ ಕೆಂಪು ಗಿಡದ ಒಂದು ಎಲೆ ಜೋತುಬಿತ್ತು. ಮಾರನೆಯ ದಿನ ಇನ್ನೆರಡು. ಮಳೆಯಲ್ಲಿ ಮುಚ್ಚಿದ ಕೊಡೆಯಂತೆ ಎಲೆಗಳು ತೊಟ್ಟಿನ ಸುತ್ತ ಇಳಿಬಿದ್ದಿದ್ದವು. ಮಣ್ಣು ಹದವಾಗಿತ್ತು. ವಾರದೊಳಗೆ ಅದೇ ಹಲಗೆಯ ಬಿಳಿ ಗಿಡ, ನಾಲ್ಕನೇ ಮಹಡಿಯ ಎರಡು, ಮೂರನೆಯದರ ಮೂರು. ಎಲೆಗಳ ಅಂಚಿನಿಂದ ನರದ ಕಡೆಗೆ ಹಳದಿ ಬಣ್ಣ ಬೆಣೆಯ ಆಕಾರದಲ್ಲಿ ಒಳನುಗ್ಗುತ್ತಿತ್ತು, ಯಾರೋ ಕತ್ತರಿಯಲ್ಲಿ ಅಳೆದು ಕತ್ತರಿಸಿ ಹಳದಿ ತೇಪೆ ಹಚ್ಚಿದಂತೆ.

ವೆಲಿಕಾಳಿಗೆ ಇದು ಹೊಸದು. ಆದರೆ ಹೊಸದು ಎಂದು ಹೇಳಲು ಬಾಯಿ ಬರಲಿಲ್ಲ. ಮೊದಲು, ನೀರು ಹೆಚ್ಚಾಗಿದೆ, ನಿಲ್ಲಿಸಿ ಎಂದಳು. ನಿಲ್ಲಿಸಿದರು, ಗಿಡಗಳು ಒಣಗುತ್ತಲೇ ಸತ್ತವು. ಕುಂಡ ಬೋರಲು ಹಾಕಿ ನೋಡಿದರೆ ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಆಮೇಲೆ, ಚಳಿಗೆ ಬರುವ ಬೂದು ಬೂಷ್ಟು ಎಂದಳು. ಆದರೆ ಎಲ್ಲಿಯೂ ಬೂಷ್ಟಿನ ನಯವಾದ ತುಪ್ಪಳವಿರಲಿಲ್ಲ. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಕಲಸಿ ಎಲ್ಲ ಮಹಡಿಗೂ ಹೊಡೆದಳು. ಮೆಟ್ಟಿಲ ಗೋಡೆಗೆ ನೀಲಿ ಕಲೆ ಬಿತ್ತು, ಗೆಂಚೊ ಬೈದ, ಗಿಡಗಳು ಸಾಯುತ್ತಲೇ ಹೋದವು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಹಿಡಿಯ ಮೇಲೆ ಕೈಯಿಟ್ಟುಕೊಂಡು ಅವಳು ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು.

ಕೊನೆಗೆ ಒಂದು ಸತ್ತ ಗಿಡದ ಕಾಂಡ ಕತ್ತರಿಸಿದಳು. ಸಿಪ್ಪೆಯಡಿಯಲ್ಲಿ ಸುತ್ತಲೂ ಕಂದು ಉಂಗುರ. ನೀರು ಹರಿಯುವ ನಾಳಗಳೆಲ್ಲ ಸುಟ್ಟಂತೆ ಕಪ್ಪಾಗಿದ್ದವು. ಆ ತುಂಡನ್ನು ಡಬ್ಬಿಯಲ್ಲಿಟ್ಟು ಪೇಟೆಯ ಬೀಜದ ಅಂಗಡಿಗೆ ಒಯ್ದಳು. ಅಂಗಡಿಯವನು ಹಿಂದೆ ಸಹಕಾರಿ ತೋಟದಲ್ಲಿ ಕೆಲಸ ಮಾಡಿದ್ದವನು. ಮುಟ್ಟದೆ ಬಗ್ಗಿ ನೋಡಿದ.

"ಸೊರಗು ರೋಗ. ಬ್ಯಾಕ್ಟೀರಿಯಾದ್ದು. ಮದ್ದಿಲ್ಲಮ್ಮ, ಕಿತ್ತು ಸುಡಿ."

"ಎಲ್ಲಿಂದ ಬರುತ್ತೆ?"

"ಯಾವುದೋ ಒಂದು ಗಿಡ ಹೊತ್ಕೊಂಡು ಬಂದಿರುತ್ತೆ. ಕೆಲವು ಗಿಡ ತಾವು ಸಾಯಲ್ಲ, ಹೊತ್ಕೊಂಡು ಮಾತ್ರ ತಿರುಗ್ತವೆ. ಅದರಿಂದ ಕೈಗೆ, ನೀರಿಗೆ, ಚಾಕುಗೆ..."

ಚಾಕುವಿನ ಮಾತು ವೆಲಿಕಾಳನ್ನು ತಟ್ಟಲಿಲ್ಲ. ಅವಳು ಇಪ್ಪತ್ತು ವರ್ಷದಿಂದ ಚಾಕುವನ್ನು ಸಾರಾಯಿಯಲ್ಲಿ ಅದ್ದುವವಳು. ಗಿಡ ಸವರಿದ ಆ ದಿನದ ನೆನಪಿನಲ್ಲೂ ಅವಳ ಕೈ ಲೋಟಕ್ಕೆ ಹೋಗಿ ಬರುತ್ತಲೇ ಇತ್ತು. ಇಪ್ಪತ್ತು ಅಕ್ಟೋಬರುಗಳು ಒಂದರ ಮೇಲೊಂದು ಕೂತು ಒಂದೇ ದಿನವಾಗಿಬಿಟ್ಟಿದ್ದವು.

ಆ ಸಂಜೆ ಐದು ಗಂಟೆಯ ಹೊತ್ತಿಗೆ ಮೂರನೇ ಮಹಡಿಯ ತಿರುವಿನಲ್ಲಿ ಜನ ಸೇರಿದ್ದರು. ಖಾಲಿ ಕುಂಡಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದರು. ತೊತ್ಕಾ ಮೂಗೊರೆಸಿಕೊಳ್ಳುತ್ತಿದ್ದಳು. ವೆಲಿಕಾ ಅಂಗಡಿಯವನು ಹೇಳಿದ್ದನ್ನು ಹೇಳಿದಳು.

"ತಾನು ಸಾಯದೆ ಹೊತ್ಕೊಂಡಿರುತ್ತಾ?" ಗೆಂಚೊ ಆ ಮಾತನ್ನು ಹಿಡಿದುಕೊಂಡ. "ಸರಿ ಹಾಗಾದ್ರೆ. ಶುರುವಾದದ್ದು ಎಲ್ಲಿ? ಐದನೇ ಮಹಡಿ. ಅಲ್ಲಿ ಎಲ್ಲ ಸತ್ತು, ಸಾಯದೆ ಕೂತಿರೋದು ಯಾವುದು?"

ಎಲ್ಲರೂ ಮೇಲೆ ನೋಡಿದರು.

"ನಲವತ್ತು ವರ್ಷ ನಮ್ಮ ಮೆಟ್ಟಿಲಿಗೆ ಏನೂ ಬಂದಿರಲಿಲ್ಲ," ಎಂದಳು ಒಬ್ಬಳು. "ಹೊರಗಿನಿಂದ ಬಂದದ್ದೇ ತಂದಿರ್ಬೇಕು."

"ಡಾಕ್ಟ್ರಮ್ಮ, ನೀನೇ ಹೇಳು. ಇರಬಹುದೋ ಇಲ್ವೋ?"

ಇರಬಹುದು ಎಂದು ವೆಲಿಕಾಳಿಗೂ ಅನ್ನಿಸಿತ್ತು. ಅಷ್ಟೇ ಖಚಿತವಾಗಿ, ಇಲ್ಲದಿರಲೂಬಹುದು ಎಂದೂ ಗೊತ್ತಿತ್ತು. ಮೂರು ವಾರದಿಂದ ತಪ್ಪು ತಪ್ಪಾಗಿ ಹೇಳಿ ಸೋತಿದ್ದ ಅವಳಿಗೆ, ಎಲ್ಲರೂ ಮತ್ತೆ ತನ್ನ ಬಾಯನ್ನೇ ನೋಡುತ್ತಿರುವುದು ಬಿಸಿ ಶಾಲು ಹೊದ್ದಂತಾಗಿತ್ತು. ಅವಳು ಕನ್ನಡಕ ತೆಗೆದು ಒರೆಸಿದಳು. ಏನೂ ಹೇಳಲಿಲ್ಲ.

"ಸುಮ್ಮನಿದ್ದಾಳೆ ಅಂದ್ರೆ ಹೌದು ಅಂತಾನೇ," ಎಂದ ಗೆಂಚೊ. "ಮನೆ ಮಾಲೀಕನಿಗೆ ಫೋನ್ ಮಾಡ್ತೀನಿ. ಇನ್ಮೇಲೆ ಯಾರನ್ನ ಇಟ್ಕೋಬೇಕು ಅಂತ ಅವನೂ ಯೋಚನೆ ಮಾಡ್ಲಿ."

ಮಾರನೆಯ ಬೆಳಿಗ್ಗೆ ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ, ಕೊರೆಯುವ ಚಳಿ. ವೆಲಿಕಾ ಬ್ರೆಡ್ಡಿಗೆಂದು ಇಳಿಯುವಾಗ ನೆರ್ಮಿನ್ ಹತ್ತಿ ಬರುತ್ತಿದ್ದಳು, ಎದೆಗೆ ಕುಂಡ ಅವುಚಿಕೊಂಡು. ಕಸದ ತೊಟ್ಟಿಯ ಪಕ್ಕ ಯಾರೋ ಇಟ್ಟಿದ್ದರು. ಎಷ್ಟು ಹೊತ್ತು ಅಲ್ಲಿತ್ತೋ. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಮೆತ್ತಗಾಗಿದ್ದವು. ಹಾಗೆ ಸತ್ತರೂ ಅದರ ಪರಿಮಳ ಮಾತ್ರ ಮೆಟ್ಟಿಲ ತುಂಬ ಹರಡಿತ್ತು, ಎಂದಿಗಿಂತ ಹೆಚ್ಚಾಗಿ.

ಇಬ್ಬರೂ ನಾಲ್ಕನೇ ಮಹಡಿಯ ತಿರುವಿನಲ್ಲಿ ನಿಂತರು. ನೆರ್ಮಿನಳ ತುಟಿ ಚಳಿಗೆ ನೀಲಿಗಟ್ಟಿತ್ತು.

"ಇದಕ್ಕೆ ನೀವು ಚಾಕು ಕೂಡ ಮುಟ್ಟಿಸಿರ್ಲಿಲ್ಲ ಅಕ್ಕ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವರ ದನಿ ಅದು. "ಮೂಲೆಯಲ್ಲಿತ್ತು. ಯಾರ ಗಿಡಕ್ಕೂ ತಾಗ್ತಾನೂ ಇರ್ಲಿಲ್ಲ."

ಅವಳು ಮೇಲೆ ಹೋದಳು. ವೆಲಿಕಾ ಕಿಟಕಿಯ ಕಡೆ ತಿರುಗಿದಳು.

ಹಲಗೆಯ ಮೇಲೆ ಒಣಗಿದ ಮೋಟುಗಳು ಸಾಲಾಗಿದ್ದವು. ಒಂದೊಂದರ ತುದಿಯಲ್ಲೂ ಓರೆಯಾದ ಒಂದು ಕೊಯ್ತ, ಅವಳದೇ ಕೈಯ ಕೊಯ್ತ. ಪ್ರತಿ ಕೊಯ್ತದ ಬಾಯಿಂದಲೇ ಕಪ್ಪು ಕೆಳಗಿಳಿದಿತ್ತು. ಬುಡದಿಂದ ಮೇಲಕ್ಕಲ್ಲ. ಇದನ್ನು ಅವಳು ಇಷ್ಟು ದಿನ ಕಂಡಿದ್ದಳು, ನೋಡಿರಲಿಲ್ಲ. ಗಿರಣಿಯಲ್ಲಿ ಒಂದೇ ದೋಷ ಅಳೆದಂತೆ ಅಷ್ಟಷ್ಟೇ ದೂರಕ್ಕೆ ಮತ್ತೆ ಮತ್ತೆ ಬಂದರೆ ನೂಲನ್ನು ದೂರುತ್ತಿರಲಿಲ್ಲ; ಮಗ್ಗವನ್ನು ನಿಲ್ಲಿಸಿ ಉರುಳೆಯನ್ನು ನೋಡುತ್ತಿದ್ದರು. ಅವಳು ಕಂಬಿ ಹಿಡಿದು ಒಂದೊಂದೇ ಮಹಡಿ ಇಳಿದಳು. ಐದರಲ್ಲಿ ಅವಳವು ಎಲ್ಲವೂ ಆಗಲೇ ಹೋಗಿದ್ದವು. ನಾಲ್ಕರಲ್ಲಿ ಒಂದು ಉಳಿದಿತ್ತು. ಮೂರರಲ್ಲಿ ಎರಡು. ಎರಡರಲ್ಲಿ ತೊತ್ಕಾಳವು ಈಗಷ್ಟೇ ಜೋಲತೊಡಗಿದ್ದವು. ಕೆಳಮಹಡಿಯಲ್ಲಿ ಒಂದೆರಡು ಎಲೆಗೆ ಮಾತ್ರ ಹಳದಿ ಬೆಣೆ. ಚಾಕು ಇಳಿದ ಹಾದಿಯೇ ಅದು. ಪ್ರತಿ ಗಿಡಕ್ಕೂ ಸ್ವಲ್ಪ ಸ್ವಲ್ಪ ಒರೆಸುತ್ತ, ಇಳಿಯುತ್ತ ಇಳಿಯುತ್ತ ಕಡಿಮೆಯಾಗುತ್ತ ಬಂದಿತ್ತು.

ಆಗ ಲೋಟ ನೆನಪಾಯಿತು. ಎದೆಗೊತ್ತಿಕೊಂಡ ಲೋಟ, ತೊತ್ಕಾಳ ನಗು, ತನ್ನ ನಗು.

ಮತ್ತು ಆ ಮೊದಲ ಗಿಡ. ಸೆಪ್ಟೆಂಬರಿನಲ್ಲಿ ನಿವೃತ್ತರ ಪ್ರವಾಸದ ಬಸ್ಸಿನಲ್ಲಿ ತ್ರ್ಯಾವ್ನಾ ಊರಿಗೆ ಹೋದಾಗ, ಒಂದು ಹಸಿರು ಗೇಟಿನ ಮನೆಯ ಕಿಟಕಿಯಿಂದ ಅವಳು ಚಿವುಟಿ ಕರ್ಚೀಫಿನಲ್ಲಿ ಅಡಗಿಸಿಕೊಂಡು ತಂದ ಕಡ್ಡಿ. ರಕ್ತಗೆಂಪಿನ, ದಪ್ಪ ಎಸಳಿನ ಹೂವು. ಕೇಳಿ ಪಡೆದ ಕಡ್ಡಿ ಚಿಗುರುವುದಿಲ್ಲ, ಕದ್ದದ್ದೇ ಚಿಗುರುವುದು. ಎಲ್ಲಿಂದ ಎಂದು ಬಾಯಿಬಿಟ್ಟರೆ ಬಾಡುತ್ತದೆ. ಕಟ್ಟಡದ ಪ್ರತಿ ಹೆಂಗಸೂ ಪಾಲಿಸುವ ನಂಬಿಕೆ ಅದು. ಹಾಗಾಗಿ ಯಾವ ಗಿಡ ಎಲ್ಲಿಯದು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆ ಕಡ್ಡಿ ಬೇಗ ಬೇರು ಬಿಟ್ಟು, ತಿಂಗಳೊಳಗೆ ಗೇಣು ಮೀರಿ ಬೆಳೆದಿತ್ತು. ಅಕ್ಟೋಬರಿನಲ್ಲಿ ಅದರ ಎಲೆಗಳ ಬೆನ್ನಲ್ಲಿ ಸೂಜಿತಲೆಯಷ್ಟು ತಗ್ಗಿನ, ನೀರುಗೂಡಿದ ಚುಕ್ಕಿಗಳಿದ್ದವು. ಅವಳು ನೋಡಿದ್ದಳು. ನೀರು ಹೆಚ್ಚಾದರೆ ಏಳುವ ಗುಳ್ಳೆ ಎಂದುಕೊಂಡಿದ್ದಳು. ನೀರಿನ ಗುಳ್ಳೆ ಬೆರಳಿಗೆ ಉಬ್ಬಾಗಿ ಸಿಗುತ್ತದೆ, ಇವು ತಗ್ಗಾಗಿದ್ದವು. ಬೆರಳಾಡಿಸಿದ್ದರೆ ತಿಳಿಯುತ್ತಿತ್ತು. ಬೆರಳಾಡಿಸಿರಲಿಲ್ಲ.

ಆ ದಿನವೂ, ಮರುದಿನವೂ ಅವಳು ಯಾರಿಗೂ ಹೇಳಲಿಲ್ಲ. ಎದುರು ಬಾಗಿಲು ತೆರೆದ ಸದ್ದಾದರೆ ಒಲೆಯ ಮುಂದೆಯೇ ನಿಂತಿರುತ್ತಿದ್ದಳು, ಕೈಯಲ್ಲಿ ಸೌಟು ಹಿಡಿದು, ಮೆಟ್ಟಿಲ ಸದ್ದು ತಗ್ಗುವವರೆಗೂ. ಮೂರನೆಯ ದಿನ ತೊತ್ಕಾ ತನ್ನ ಕಳ್ಳಿಗಿಡ ಎತ್ತಿಕೊಂಡು ಬಂದಳು.

"ಇದಕ್ಕೂ ಬಂತಾ ನೋಡಕ್ಕ, ನಂಗೆ ನಿದ್ದೆ ಇಲ್ಲ."

ವೆಲಿಕಾ ಬೆಳಕಿಗೆ ಹಿಡಿದಳು. ಮುಳ್ಳಿನ ಸಂದಿಯಲ್ಲಿ ಹತ್ತಿಯ ಎಳೆಯಷ್ಟು ಬಿಳುಪು. "ಹಿಟ್ಟು ತಿಗಣೆ. ಕಡ್ಡಿಗೆ ಹತ್ತಿ ಸುತ್ತಿ, ಸಾರಾಯಿ ಹಚ್ಚಿ ಒರೆಸು. ಬೇರೇನಿಲ್ಲ."

"ನೀನಿಲ್ದಿದ್ರೆ ಏನ್ ಗತಿ ನಮಗೆ!" ತೊತ್ಕಾ ಅವಳ ಕೆನ್ನೆಗೆ ಮುತ್ತಿಟ್ಟಳು. "ಭಾನುವಾರ ಕೆಳಗೆ ಬಾ. ಗೆಂಚೊ ಅಣ್ಣ ಮಾಲೀಕನ ಹತ್ರ ಮಾತಾಡಿದ್ದಾನಂತೆ. ತಿಂಗಳ ಕೊನೆಗೆ ಅವಳನ್ನ ಬಿಡಿಸ್ತಾರಂತೆ."

"ಬಿಡಿಸ್ತಾರಾ? ಒಂದು ಗಿಡಕ್ಕೆ?"

"ಗಿಡ ಒಂದು ನೆಪ ಅಕ್ಕ. ಅವಳು ಬಂದಾಗಿನಿಂದ್ಲೂ ಗೆಂಚೊ ಅಣ್ಣನಿಗೆ ಸರಿ ಹೋಗಿರ್ಲಿಲ್ಲ ಬಿಡು. ನಂಗೂ ಪಾಪ ಅನ್ಸುತ್ತೆ. ಆದ್ರೆ ನೀನೇ ಹೇಳಿದ್ಯಲ್ಲ."

"ನಾನೇನು ಹೇಳ್ದೆ?"

ತೊತ್ಕಾ ಯೋಚಿಸಿದಳು. "ಅದೇ, ಏನೂ ಹೇಳ್ಲಿಲ್ಲವಲ್ಲ."

ಭಾನುವಾರ ಮಧ್ಯಾಹ್ನ ಎಲ್ಲರೂ ಕೆಳಮಹಡಿಯ ಅಂಚೆಪೆಟ್ಟಿಗೆಗಳ ಮುಂದೆ ನಿಂತಿದ್ದರು. ಕೋಟು ಹಾಕಿಕೊಂಡೇ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು. ನೆರ್ಮಿನ್ ಬಂದಿರಲಿಲ್ಲ, ಅವಳನ್ನು ಕರೆದಿರಲೂ ಇಲ್ಲ. ವೆಲಿಕಾ ತರಕಾರಿ ಹೆಚ್ಚುವ ಹಲಗೆಯ ಮೇಲೆ ತನ್ನ ಕೆಂಪು ಗಿಡದ ಮೋಟು ಮತ್ತು ಚಾಕು ಇಟ್ಟುಕೊಂಡು ಐದು ಮಹಡಿ ಇಳಿದು ಬಂದಳು.

"ಏನಿದು ಡಾಕ್ಟ್ರಮ್ಮ, ಸಲಾಡ್ ಮಾಡ್ತೀಯಾ?" ಎಂದ ಗೆಂಚೊ.

"ರೋಗ ತಂದದ್ದು ನಾನು."

ತೊತ್ಕಾ ಅವಳ ತೋಳು ಹಿಡಿದಳು. "ಅಕ್ಕಂದು ಬೆಣ್ಣೆಯಂಥ ಮನಸ್ಸು. ಅವಳನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೋತಿದ್ದಾಳೆ."

"ಹೂಂ, ಗೊತ್ತಾಗಲ್ವಾ ನಮಗೆ," ಎಂದಳು ಇನ್ನೊಬ್ಬಳು. "ಎದುರುಮನೆ ದಾಕ್ಷಿಣ್ಯ. ಇರ್ಲಿ ಬಿಡು ವೆಲಿಕಾ, ನಿನಗೆ ಯಾಕೆ ಇದೆಲ್ಲ."

ಅವಳು ಇದಕ್ಕೆ ಸಿದ್ಧಳಾಗಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಎಲ್ಲರ ಮುಖದಲ್ಲೂ ತನ್ನ ಬಗ್ಗೆ ಮರುಕವಿತ್ತು, ಮೆಚ್ಚುಗೆ ಕೂಡ ಇತ್ತು. ಒಂದು ಕ್ಷಣ, ಒಂದೇ ಕ್ಷಣ, ಸುಮ್ಮನೆ ತಲೆ ತಗ್ಗಿಸಿ ಮೇಲೆ ಹೋಗಿಬಿಡಬಹುದು ಅನ್ನಿಸಿತು. ಹೇಳಿದ್ದೂ ಆಗುತ್ತದೆ, ಕಳೆದುಕೊಳ್ಳುವುದೂ ಇಲ್ಲ. ಅವಳು ಹಲಗೆಯನ್ನು ಅಂಚೆಪೆಟ್ಟಿಗೆಯ ಮೇಲಿಟ್ಟು ಮೋಟನ್ನು ಉದ್ದಕ್ಕೆ ಸೀಳಿದಳು.

"ಬಗ್ಗಿ ನೋಡಿ. ಕಪ್ಪು ಎಲ್ಲಿಂದ ಶುರುವಾಗಿದೆ? ಕೊಯ್ದ ಜಾಗದಿಂದ. ಎಲ್ಲರ ಗಿಡದಲ್ಲೂ ಹೀಗೇ ಇದೆ. ಕೊಯ್ದವಳು ಯಾರು? ಗೆಂಚೊ, ಅವತ್ತು ಲೋಟ ಎಲ್ಲಿತ್ತು?"

ಗೆಂಚೊನ ಕತ್ತು ಕೆಂಪಾಯಿತು. "ಓಹೋ, ತಪ್ಪು ನಂದಾ ಈಗ?"

"ನಿಂದಲ್ಲ. ಚಾಕು ಅದ್ದದೆ ಮುಂದಕ್ಕೆ ಹೋಗಬಾರದು ಅಂತ ನಿನಗೆ ಗೊತ್ತಿರ್ಬೇಕಾಗಿರ್ಲಿಲ್ಲ. ನನಗೆ ಗೊತ್ತಿತ್ತು. ನಗ್ತಾ ನಗ್ತಾ ಒರೆಸ್ಕೊಂಡು ಹೋದೆ. ಈ ಗಿಡ ನಾನು ತ್ರ್ಯಾವ್ನಾದಿಂದ ಕದ್ದು ತಂದದ್ದು. ಹಸಿರು ಗೇಟಿನ ಮನೆ, ಎಡಗಡೆ ಕಿಟಕಿ."

ಕದ್ದ ಕಡ್ಡಿಯ ಊರು, ಗೇಟು, ಕಿಟಕಿ ಇಷ್ಟು ಬಿಡಿಸಿ ಹೇಳಿದ್ದನ್ನು ಅವರು ಯಾರೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತೊತ್ಕಾ ತೋಳು ಬಿಟ್ಟಳು.

"ನಮ್ಮದನ್ನ ನೀನು ಮೂರು ಗಂಟೆಗೆ ಕೊಯ್ದದ್ದು," ಎಂದಳು ಮೆಲ್ಲಗೆ. "ಅದಕ್ಕೇ ನಮ್ಮವು ತಡವಾಗಿ ಬಿದ್ವು. ಅಲ್ವಾ?"

"ಹೌದು."

"ಅವಳದು ಕೊಯ್ಲಿಲ್ಲ."

"ಇಲ್ಲ. ಅವಳು ಬೇಡ ಅಂದ್ಲು. ಅದಕ್ಕೇ ಉಳಿದಿತ್ತು. ಆಮೇಲೆ ಚಳಿಗೆ ಹಾಕಿ ಕೊಂದದ್ದು ನಾವು."

ಗೆಂಚೊ ಜೇಬಿನಲ್ಲಿ ಕೈಯಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದ. "ಸರಿ. ಮಾಲೀಕನಿಗೆ ಆಮೇಲೆ ಯಾವಾಗಲಾದ್ರೂ ಹೇಳ್ತೀನಿ."

"ಈಗ ಹೇಳು. ನಾನು ಇಲ್ಲೇ ನಿಂತಿರ್ತೀನಿ."

"ಭಾನುವಾರ ಊಟದ ಹೊತ್ತು..."

"ಅವಳನ್ನ ಬಿಡಿಸು ಅಂತ ಹೇಳಿದ್ದು ಯಾವ ಹೊತ್ತಲ್ಲಿ?"

ಅವನು ಫೋನ್ ತೆಗೆದ. ಮಾತು ಚಿಕ್ಕದಾಗಿತ್ತು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂತಿತ್ತು. ಏನೋ ತಪ್ಪು ತಿಳಿವಳಿಕೆ, ಹೆಂಗಸು ಒಳ್ಳೆಯವಳೇ, ಇರಲಿ ಅವಳೇ, ಎಂದ. ಆಚೆಯವನು ಹೆಸರು ಕೇಳಿದನೇನೋ, "ನೆರ್ಮಿನ್" ಎಂದ, ಎರಡು ಸಲ.

ಆಮೇಲೆ ಜನ ಒಬ್ಬೊಬ್ಬರೇ ಚದುರಿದರು. ಯಾರೂ ಜಗಳವಾಡಲಿಲ್ಲ. ಒಬ್ಬಳು ಹೋಗುತ್ತ ತಿರುಗಿ ಕೇಳಿದಳು, "ನಮ್ಮನೆ ರಬ್ಬರ್ ಗಿಡ ಹೋದ ವರ್ಷ ಸತ್ತಿತಲ್ಲ, ಅದಕ್ಕೂ ನೀನೇ ಔಷಧಿ ಹೇಳಿದ್ದು ಅಲ್ವಾ ವೆಲಿಕಾ?" ಉತ್ತರಕ್ಕೆ ಕಾಯಲಿಲ್ಲ. ಮೂರನೇ ಮಹಡಿಯ ಹೆಂಗಸು ಹಲಗೆಯ ಮೇಲೆ ಉಳಿದಿದ್ದ ತನ್ನ ಎರಡು ಕುಂಡಗಳನ್ನು ವೆಲಿಕಾ ಹತ್ತಿ ಬರುವ ಮುಂಚೆಯೇ ಒಳಗೆತ್ತಿಕೊಂಡು ಬಾಗಿಲು ಹಾಕಿದಳು. ಬೀಗದ ಸದ್ದು ಎರಡು ಸಲ ಕೇಳಿಸಿತು.

ವೆಲಿಕಾ ಹತ್ತುತ್ತ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು. ಐದನೆಯದರಲ್ಲಿ ತನ್ನ ಬಾಗಿಲಿಗೆ ಹೋಗದೆ ಎದುರಿನ ಗಂಟೆ ಒತ್ತಿದಳು. ನೆರ್ಮಿನ್ ಬಾಗಿಲು ಪೂರ್ತಿ ತೆರೆಯಲಿಲ್ಲ.

"ನಾನು ಕೆಳಗೆ..."

"ಕೇಳಿಸ್ತು. ಈ ಮೆಟ್ಟಿಲಲ್ಲಿ ಎಲ್ಲಿ ಮಾತಾಡಿದ್ರೂ ಮೇಲಕ್ಕೆ ಕೇಳುತ್ತೆ." ಅವಳು ಬಾಗಿಲ ಹಿಡಿಯಿಂದ ಕೈ ತೆಗೆಯಲಿಲ್ಲ. "ಅವತ್ತು ನೀವು ಸುಮ್ಮನಿದ್ದದ್ದೂ ಕೇಳಿಸಿತ್ತು."

ಒಳಗಿನಿಂದ ಆ ಪರಿಮಳ ಬರುತ್ತಿತ್ತು. ಅಡುಗೆಮನೆಯ ಕುರ್ಚಿಯ ಮೇಲೆ ಕುಂಡವಿತ್ತು, ಉಣ್ಣೆಯ ಬಟ್ಟೆ ಸುತ್ತಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಜಾಗ ಹುಡುಕಿ ಇಟ್ಟಂತಿತ್ತು. ಕಪ್ಪಾದ ಎಲೆಗಳನ್ನೆಲ್ಲ ಉಗುರಿನಿಂದ ಚಿವುಟಿ ತೆಗೆದಿದ್ದಳು.

"ನೋಡಬಹುದಾ?" ಎಂದಳು ವೆಲಿಕಾ.

ನೆರ್ಮಿನ್ ಬಹಳ ಹೊತ್ತು ಅವಳ ಕೈಗಳನ್ನೇ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು. "ಮೊದಲು ಕೈ ತೊಳ್ಕೊಳಿ."

ವೆಲಿಕಾ ನಲ್ಲಿಯ ಕೆಳಗೆ ಕೈಯೊಡ್ಡಿದಳು. ನೀರು ಕೊರೆಯುತ್ತಿತ್ತು. ನೆರ್ಮಿನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು; ಉಗುರು ಎಂದಳು, ಮೊಣಕೈವರೆಗೂ ಎಂದಳು, ಇನ್ನೊಂದು ಸಲ ಎಂದಳು. ಅವಳು ಎಷ್ಟು ಸಲ ಹೇಳಿದಳೋ ಅಷ್ಟು ಸಲ ವೆಲಿಕಾ ಸಾಬೂನು ಹಚ್ಚಿದಳು.

ಆದರೂ ನೆರ್ಮಿನ್ ಅವಳನ್ನು ಗಿಡ ಮುಟ್ಟಲು ಬಿಡಲಿಲ್ಲ. "ನೀವು ಹೇಳಿ, ನಾನು ಮಾಡ್ತೀನಿ."

"ತುದಿ ಹತ್ರ ಸಿಪ್ಪೆ ಕೆರಿ. ಉಗುರಿನಿಂದ, ಕೂದಲಷ್ಟೇ."

ಕಂದು ಬಣ್ಣ.

"ಎರಡು ಬೆರಳು ಕೆಳಗೆ."

ಕಂದು.

"ಇನ್ನೂ ಕೆಳಗೆ. ಮಣ್ಣಿಗೆ ತಾಗೋ ಹಾಗೆ."

ಅಲ್ಲಿ ಸಿಪ್ಪೆಯಡಿ ಬಣ್ಣ ಬೇರೆಯಿತ್ತು. ಹಸಿರಲ್ಲ, ಕಂದೂ ಅಲ್ಲ. ಒದ್ದೆ ಹುಲ್ಲಿನ ಬುಡದ ಬಣ್ಣ. ನೆರ್ಮಿನ್ ಕುಂಡವನ್ನು ಕಿಟಕಿಗೆ ಎತ್ತಿ ಹಿಡಿದಳು. ವೆಲಿಕಾ ಕನ್ನಡಕ ಏರಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಎಡದಿಂದ ನೋಡಿದಳು, ಬಲದಿಂದ ನೋಡಿದಳು.

"ಬದುಕಿದೆಯಾ?"

ಹೌದು ಎನ್ನುವುದು ಸುಲಭವಾಗಿತ್ತು. ಇಲ್ಲ ಎನ್ನುವುದೂ.

"ಗೊತ್ತಿಲ್ಲ," ಎಂದಳು ವೆಲಿಕಾ. "ನೋಡಿ ಹೇಳೋಕೆ ಬರ್ತಿಲ್ಲ. ಬೇರು ಉಳಿದಿದ್ರೆ ಬುಡದಿಂದ ಚಿಗುರಬೇಕು. ಮೂರು ವಾರ, ಒಂದು ತಿಂಗಳು. ಅಲ್ಲಿವರೆಗೂ ನೀರು ಚಮಚದಲ್ಲಿ, ವಾರಕ್ಕೆ ಒಂದೇ ಸಲ."

ನೆರ್ಮಿನ್ ಕುಂಡವನ್ನು ಕುರ್ಚಿಯ ಮೇಲಿಟ್ಟು ಉಣ್ಣೆಯ ಬಟ್ಟೆಯನ್ನು ಮತ್ತೆ ಸುತ್ತಿದಳು. ಅಂಚುಗಳನ್ನು ಒಂದೊಂದಾಗಿ ಒಳಗೆ ಸೇರಿಸಿದಳು.

"ಹಾಗಾದ್ರೆ ಮೂರು ವಾರ ಆದ್ಮೇಲೆ ಬನ್ನಿ," ಎಂದಳು, ತಿರುಗಿ ನೋಡದೆ. "ಅದಕ್ಕೆ ಮುಂಚೆ ಬೇಡ."

ವೆಲಿಕಾ ಅಂಗಿಯ ಒದ್ದೆ ತೋಳುಗಳನ್ನು ಮೊಣಕೈಗೆ ಮಡಿಸಿದ ಹಾಗೆಯೇ ಹೊರಗೆ ಬಂದಳು. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು, ಸದ್ದಿಲ್ಲದೆ.